ಕೊಟ್ರಪ್ಪ ಮತ್ತು ಬಣ್ಣ ಅಳಿದ ಸರಳುಗಳು

ಪೀಣ್ಯ ಎರಡನೇ ಹಂತದಲ್ಲಿ ಹನುಮಂತರಾಯಪ್ಪನವರ ಶೆಡ್ಡಿದೆ. ಅದರ ಬಲಗಡೆ ಕಬ್ಬಿಣದ ಸ್ಟೋರು. ಸ್ಟೋರಿನ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಬಿಟ್ಟಿದ್ದರೆ ಕೊಟ್ರಪ್ಪ ಒಳಗಿದ್ದಾನೆ ಎಂದು ತಿಳಿಯಬೇಕು. ಕಬ್ಬಿಣ ಇಟ್ಟ ಜಾಗದಲ್ಲಿ ಅವನು ಚಪ್ಪಲಿ ಮೆಟ್ಟುವವನಲ್ಲ. ಕಾಲಿನ ಮೇಲೆ ಸರಳು ಬಿದ್ದರೆ ಬೆರಳು ಹೋಗುತ್ತದೆ ಎಂದು ಎಲ್ಲರಿಗೂ ದಪ್ಪ ಬೂಟು ಕೊಟ್ಟರು. ಅವನು ಬೂಟನ್ನೂ ಬಾಗಿಲಲ್ಲೇ ಬಿಚ್ಚಿಡುತ್ತಿದ್ದ.

ಅವನ ಊರು ಕೊಟ್ಟೂರಿನ ಹತ್ತಿರ ಒಂದು ಹಳ್ಳಿ. 1989ರಲ್ಲಿ ಚರಂಡಿ ಅಗೆಯುವ ಗುಂಪಿನ ಜೊತೆ ಪೀಣ್ಯಕ್ಕೆ ಬಂದ. ಅಗೆದ ಮಣ್ಣು ಹನುಮಂತರಾಯಪ್ಪನವರ ಗೇಟಿಗೆ ಅಡ್ಡ ಬಿದ್ದು ಲಾರಿ ಒಳಗೆ ಬರಲಾಗಲಿಲ್ಲ. ಇವನೊಬ್ಬನೇ ಮೇಸ್ತ್ರಿಯನ್ನು ಕೇಳದೆ ಮಣ್ಣು ಎಳೆದು ದಾರಿ ಬಿಡಿಸಿ, ಲಾರಿಯಲ್ಲಿದ್ದ ಕಬ್ಬಿಣವನ್ನೂ ಇಳಿಸಿಕೊಟ್ಟ. ಅವತ್ತಿನಿಂದ ಅಲ್ಲೇ ಉಳಿದ. ಲೋಡು ಇಳಿಸುವವನಾಗಿದ್ದು ಸರಳು ಕತ್ತರಿಸುವವನಾದ, ಆಮೇಲೆ ಸ್ಟೋರು ನೋಡಿಕೊಳ್ಳುವವನಾದ. ಲಗ್ಗೆರೆಯಲ್ಲಿ ಒಂದು ರೂಮು, ಹೆಂಡತಿ ನೀಲಾಂಬಿಕಾ. ಓದು ನಾಲ್ಕನೇ ಇಯತ್ತೆ. ಆದರೆ ಯಾವ ಗಿರಾಕಿಯ ಕಬ್ಬಿಣ ಯಾವ ತಿಂಗಳು ಬಂತು, ಎಷ್ಟು ಉಳಿದಿದೆ, ಯಾವ ಮೂಲೆಯಲ್ಲಿದೆ ಎಂದು ಕೇಳಿದರೆ ಪುಸ್ತಕ ತೆಗೆಯದೆ ಹೇಳುತ್ತಿದ್ದ.

ನಾನು ಅದೇ ಶೆಡ್ಡಿನಲ್ಲಿ ಹದಿನಾರು ವರ್ಷದಿಂದ ಬರ್ ತೆಗೆಯುತ್ತಿದ್ದೆ. ಲೇತಿನಿಂದ ಬಂದ ಸಾಮಾನಿನ ಅಂಚಿಗೆ ಚರ್ಮ ಕೊಯ್ಯುವಂಥ ಕಬ್ಬಿಣದ ಎಳೆ ಉಳಿದಿರುತ್ತದೆ, ಅದೇ ಬರ್. ಅರ ಹಿಡಿದು ಅದನ್ನು ತೆಗೆಯಬೇಕು. ನನ್ನ ಮಣೆ ಸ್ಟೋರಿಗೆ ಎದುರು. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ನಾನು ಕಣ್ಣಾರೆ ಕಂಡದ್ದು. ಮಿಕ್ಕದ್ದು ಕೊಟ್ರಪ್ಪನೇ ಹೇಳಿದ್ದು.

2014ರಲ್ಲಿ ಹನುಮಂತರಾಯಪ್ಪನವರ ಮಗಳು ಯಮುನಾ ಒಂದು ಸುದ್ದಿ ತಂದಳು. ಅವಳು ಎಂಜಿನಿಯರಿಂಗ್ ಓದಿ ಅಪ್ಪನ ಜೊತೆ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತಿದ್ದಳು. ನಮ್ಮಂಥ ಸಣ್ಣ ಕಾರ್ಖಾನೆಗಳು ಸೈನ್ಯಕ್ಕೆ ಸಾಮಾನು ಮಾಡಿಕೊಡುವಂತಾಗಲಿ ಎಂದು ಸರ್ಕಾರ ಒಂದು ಯೋಜನೆ ಮಾಡಿದೆ, ನಾವೂ ಅರ್ಜಿ ಹಾಕೋಣ ಎಂದಳು. ಗುಣಮಟ್ಟದ ಸರ್ಟಿಫಿಕೇಟಿಗೆ, ಪರೀಕ್ಷೆಗೆ, ಅಳತೆ ಮಾಡುವ ದೊಡ್ಡ ಮೆಷಿನ್ನಿಗೆ ಆಗುವ ಖರ್ಚಿನಲ್ಲಿ ಹೆಚ್ಚಿನ ಪಾಲು ಸರ್ಕಾರ ಕೊಡುತ್ತದೆ. ಆದರೆ ಮೊದಲು ಒಂದು ಸಣ್ಣ ಆರ್ಡರು ಮಾಡಿ ತೋರಿಸಬೇಕು. ಸೈನ್ಯದ ಗಾಡಿ ಮಾಡುವ ಕಾರ್ಖಾನೆಯವರು ಅದನ್ನು ಒಪ್ಪಿಕೊಂಡೆವೆಂದು ಕಾಗದ ಕೊಡಬೇಕು. ಆ ಕಾಗದ ನವೆಂಬರ್ ಮುಗಿಯುವುದರೊಳಗೆ ಅರ್ಜಿಗೆ ಸೇರದಿದ್ದರೆ ಆ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲ.

ಶೆಡ್ಡಿಗೆ ಆಗ ಕೆಲಸ ಕಡಿಮೆಯಾಗಿತ್ತು. ಪಂಪಿನ ಸಾಮಾನು ಮಾಡಿಸುತ್ತಿದ್ದ ಇಬ್ಬರು ಗಿರಾಕಿಗಳು ಬೇರೆ ಕಡೆ ಹೋಗಿದ್ದರು. ಹದಿನಾಲ್ಕು ಲೇತಿನಲ್ಲಿ ಆರು ಸುಮ್ಮನೆ ನಿಂತಿದ್ದವು. ಈ ಯೋಜನೆ ಸಿಕ್ಕರೆ ಶೆಡ್ಡು ಉಳಿಯುತ್ತದೆ, ಸಿಗದಿದ್ದರೆ ಬಾಡಿಗೆಗೆ ಬಿಡುವುದೇ ಎಂದು ಹನುಮಂತರಾಯಪ್ಪ ಎಲ್ಲರ ಎದುರಿಗೆ ಹೇಳಿದರು. ಅವರು ನಾಗಸಂದ್ರದವರು. ಕೈಗಾರಿಕಾ ಪ್ರದೇಶಕ್ಕೆ ಹೊಲ ಹೋದ ಮೇಲೆ ಕಟ್ಟಿದ ಶೆಡ್ಡು ಅದು.

ಆರ್ಡರು ಅರವತ್ತು ಪಿನ್ನು. ಒಂದೊಂದು ಒಂದು ಗೇಣು ಉದ್ದ, ಹೆಬ್ಬೆರಳಿಗಿಂತ ಕೊಂಚ ದಪ್ಪ. ಕಬ್ಬಿಣವನ್ನು ಗಾಡಿ ಕಾರ್ಖಾನೆಯವರೇ ಕಳಿಸಿದರು. ಎದೆಮಟ್ಟ ಬರುವ ಹನ್ನೆರಡು ಸರಳು. ಒಂದು ಸರಳಿಗೆ ಐದು ಪಿನ್ನು, ಒಂದು ಚೋಟು ತುಂಡು ಮಿಗುತ್ತದೆ. ಬೇರೆ ಸರಳು ಕೊಡುವುದಿಲ್ಲ. ಆರು ಸರಳಿನ ತುದಿಗೆ ಕೆಂಪು ಬಣ್ಣ, ಆರು ಸರಳಿನ ತುದಿಗೆ ಹಳದಿ. ಬಣ್ಣದ ಪಕ್ಕದಲ್ಲಿ ನಂಬರು ಬರೆದಿತ್ತು, ಅದೂ ಬಣ್ಣದಲ್ಲೇ.

ಎರಡು ಬಣ್ಣ ಯಾಕೆಂದು ಕೊಟ್ರಪ್ಪ ಕೇಳಿದ. ಯಮುನಾ ಬಿಡಿಸಿ ಹೇಳಿದಳು. ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಕಬ್ಬಿಣಕ್ಕೆಲ್ಲ ಒಂದು ನಂಬರು. ಇನ್ನೊಂದು ಸಲ ಕರಗಿಸಿದ್ದಕ್ಕೆ ಇನ್ನೊಂದು. ಎರಡೂ ಒಂದೇ ಜಾತಿ, ಅಳತೆಯಲ್ಲಿ ವ್ಯತ್ಯಾಸವಿಲ್ಲ. ಆದರೂ ಪ್ರತಿ ಪಿನ್ನು ಯಾವ ನಂಬರಿನದೆಂದು ಕೊನೆಯವರೆಗೆ ಗೊತ್ತಿರಬೇಕು.

"ಇಪ್ಪತ್ತು ವರ್ಷ ಬಿಟ್ಟು ಎಲ್ಲೋ ಒಂದು ಪಿನ್ನು ಮುರೀತು ಅನ್ಕೋ ಕೊಟ್ರಣ್ಣ," ಅಂದಳು. "ಅದರ ಒಡಹುಟ್ಟಿದವು ಯಾವ ಯಾವ ಗಾಡೀಲಿವೆ ಅಂತ ಹುಡುಕಿ ತೆಗೀಬೇಕು. ನಂಬರ್ ತಪ್ಪಾದ್ರೆ ಕೆಟ್ಟದ್ದು ಗಾಡೀಲೇ ಉಳ್ಕೊಳುತ್ತೆ."

ಕೊಟ್ರಪ್ಪ ತಲೆಯಾಡಿಸಿದ. ಕೆಂಪಿನವನ್ನು ಬಲಗೋಡೆಗೆ, ಹಳದಿಯವನ್ನು ಎಡಗೋಡೆಗೆ ನಿಲ್ಲಿಸಿದ.

ಆಯುಧಪೂಜೆ ಬಂತು. ನಮ್ಮ ಶೆಡ್ಡಿನಲ್ಲಿ ಆ ಹಬ್ಬಕ್ಕೆ ಕೊಟ್ರಪ್ಪನದೇ ಯಜಮಾನಿಕೆ. ಹಿಂದಿನ ದಿನ ಲೇತು, ಡ್ರಿಲ್ಲು, ಅರ, ಸುತ್ತಿಗೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸಬೇಕು. ಸ್ಟೋರಿಗೆ ಬಂದು ಇನ್ನೂ ಕತ್ತರಿಸದ ಕಬ್ಬಿಣ ಇದ್ದರೆ ಅದು ಹೊಸದಾಗಿ ಮನೆಗೆ ಬಂದ ನೆಂಟನ ಹಾಗೆ. ಅದರ ಮೈ ತೊಳೆದು ಮೊದಲ ಕುಂಕುಮ ಅದಕ್ಕೇ ಇಡಬೇಕು. ಇಪ್ಪತ್ತು ವರ್ಷ ಹಾಗೇ ನಡೆದಿತ್ತು. ಪಂಪಿನವರು ಅಳತೆ ಬಿಟ್ಟು ಬೇರೇನೂ ಕೇಳಿದವರಲ್ಲ, ಹಾಗಾಗಿ ತೊಳೆದದ್ದರಿಂದ ಯಾರಿಗೂ ನಷ್ಟವಾಗಿರಲಿಲ್ಲ.

ಅವತ್ತು ಸಂಜೆ ಅವನು ನನ್ನನ್ನು ಕರೆದ. ಇಬ್ಬರೂ ಕೂತು ಆ ಹನ್ನೆರಡು ಸರಳು ಒರೆಸಿದೆವು. ಏಳು ಅವನು, ಐದು ನಾನು. ತುದಿಯ ಬಣ್ಣ ಸೀಮೆಎಣ್ಣೆಗೆ ಕರಗಿ ಬಟ್ಟೆಗೆ ಹತ್ತಿತು. ನಾನು ಕೈ ತಡೆದು ಅವನ ಮುಖ ನೋಡಿದೆ. ಬಲಗೋಡೆಯವು ಕೆಂಪು, ಎಡಗೋಡೆಯವು ಹಳದಿ, ನನಗ ಗೊತ್ತೈತಿ, ಪೂಜಿ ಮುಗದ ಮ್ಯಾಲ ಹಚ್ಚತೀನಿ ಅಂದ. ಒರೆಸಿದ ಮೇಲೆ ಅವನ್ನು ಆಯಾ ಗೋಡೆಗೇ ನಿಲ್ಲಿಸಿದ. ಅಲ್ಲಿಗೆ ಇನ್ನೂ ಏನೂ ಕೆಟ್ಟಿರಲಿಲ್ಲ.

ಕೆಟ್ಟದ್ದು ಬೆಳಿಗ್ಗೆ. ಪೂಜೆಗೆ ಬೂದುಗುಂಬಳಕಾಯಿ ಕಡಿಮೆ ಬಿತ್ತೆಂದು ಕೊಟ್ರಪ್ಪ ಲಗ್ಗೆರೆ ಕಡೆಗೆ ಹೋದ. ಸೈನ್ಯದ ಕೆಲಸದ ಕಬ್ಬಿಣ ಎಲ್ಲರ ಕಣ್ಣಿಗೂ ಬೀಳಲಿ, ದೊಡ್ಡ ಲೇತಿನ ಮುಂದೆ ಜೋಡಿಸಿ ಎಂದು ಹನುಮಂತರಾಯಪ್ಪ ಹೇಳಿದರು. ಲೋಡಿನವರು ಎತ್ತಿ ತಂದು ಹನ್ನೆರಡನ್ನೂ ಒಂದೇ ಸಾಲಿಗೆ ಇಟ್ಟರು. ಕೊಟ್ರಪ್ಪ ಕಾಯಿ ಹೊತ್ತು ಬಂದು ಆ ಸಾಲನ್ನು ನೋಡಿದವನು, ಪೂಜಾರಿ ಗಂಟೆ ಬಾರಿಸುವವರೆಗೂ ಕಾಯಿ ಕೆಳಗಿಡಲಿಲ್ಲ.

ಹಬ್ಬದ ಮಾರನೆಯ ದಿನ ನಾನು ಎಂಟು ಗಂಟೆಗೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಕೊಟ್ರಪ್ಪ ಸ್ಟೋರಿನಲ್ಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ಬ್ರಷ್ಷಿನಲ್ಲಿ ಬಣ್ಣ ಹಚ್ಚುತ್ತಿದ್ದ. ಹತ್ತಕ್ಕೆ ಹಚ್ಚಿ ಆಗಿತ್ತು. ಎರಡು ಸರಳು ತೊಡೆಯ ಮೇಲಿದ್ದವು.

"ಹತ್ತು ನನಗ ಗೊತ್ತದಾವಕ್ಕ," ಅಂದ. "ಒಂದರಾಗ ಗೀರೈತಿ, ಒಂದು ಸ್ವಲ್ಪ ಬಾಗೈತಿ, ಹಿಂಗ ಗುರುತು ಇಟ್ಟಿದ್ದೆ. ಈ ಎರಡು ಮಾತ್ರ ಗೊತ್ತಿಲ್ಲ. ಒಂದು ಕೆಂಪು, ಒಂದು ಹಳದಿ. ಯಾವದು ಯಾವದೋ."

ಯಮುನಾಗೆ ಹೇಳು ಅಂದೆ. ಹೇಳಿದರೆ ಕಬ್ಬಿಣ ವಾಪಸ್ ಹೋಗುತ್ತದೆ, ಶೆಡ್ಡಿಗೆ ಇದೊಂದೇ ದಾರಿ ಇರುವುದು ಅಂದ. ಹಾಗಾದರೆ ಹೇಳಬೇಡ ಅಂದೆ. ಅದಕ್ಕೂ ಅವನು ಹೂಂ ಅನ್ನಲಿಲ್ಲ. ಆಚೆ ಯಮುನಾಳ ಸ್ಕೂಟರಿನ ಸದ್ದಾಯಿತು. ಅವನು ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ ಹಚ್ಚಿ, ಕಾಗದ ನೋಡಿ ನಂಬರು ಬರೆದು ಎದ್ದುಬಿಟ್ಟ.

ಸರಳು ಕತ್ತರಿಸಿದ್ದು ಅವನೇ. ಐದೈದು ಪಿನ್ನಿಗೆ ಒಂದು ಟ್ರೇ, ಹನ್ನೆರಡು ಟ್ರೇ. ಆ ಎರಡು ಸರಳಿನ ಟ್ರೇಗಳ ಹಿಡಿಗೆ ಕರಿ ದಾರ ಸುತ್ತಿದ. ದೃಷ್ಟಿಗೆ ಕಟ್ಟಿದ್ದಾನೆ ಎಂದು ಉಳಿದವರು ತಿಳಿದುಕೊಂಡರು. ಮಿಕ್ಕ ಚೋಟು ತುಂಡುಗಳನ್ನು ಯಾವತ್ತೂ ಗುಜರಿಗೆ ಹಾಕುತ್ತಿದ್ದವನು ಈ ಸಲ ಹನ್ನೆರಡನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿ ಎತ್ತಿಟ್ಟ.

ಪಿನ್ನುಗಳು ಲೇತಿಗೆ ಹೋದವು, ಕಾಯಿಸಿ ಗಟ್ಟಿ ಮಾಡಲು ಹೊರಗೆ ಹೋಗಿ ಬಂದವು, ನನ್ನ ಮಣೆಗೆ ಬಂದವು. ಕರಿ ದಾರದ ಟ್ರೇ ಬಂದಾಗಲೆಲ್ಲ ಅವನು ಸ್ಟೋರಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಂದು ಪಿನ್ನು ಅತ್ತಿತ್ತ ಆದರೂ ಇದ್ದ ಗುರುತೂ ಹೋಗುತ್ತದೆ ಎಂಬ ಭಯ. ನಾನೂ ಆ ಹತ್ತನ್ನು ಮಾಡುವಾಗ ನೀರು ಕುಡಿಯಲೂ ಎದ್ದವಳಲ್ಲ. ದೀಪಾವಳಿ ಕಳೆಯಿತು. ಅವನು ತಂದ ರೊಟ್ಟಿ ಬುತ್ತಿಯಲ್ಲೇ ಉಳಿಯುತ್ತಿತ್ತು. ಒಂದು ದಿನ ನೀಲಾಂಬಿಕಾ ನನ್ನ ಮನೆಗೆ ಬಂದು, ಮಲಗಿದಲ್ಲಿ ಕೆಂಪು ಹಳದಿ ಅಂತಾರಲ್ಲ, ಏನಕ್ಕ ಅದು ಎಂದು ಕೇಳಿದಳು. ಹಬ್ಬದ ಬಣ್ಣ ಇರಬೇಕು ಅಂದೆ. ಅದು ಸುಳ್ಳು.

ನವೆಂಬರ್ ಹದಿನೆಂಟಕ್ಕೆ ಕಾರ್ಖಾನೆಯ ಇನ್‌ಸ್ಪೆಕ್ಟರು ಬರುವುದು ಗೊತ್ತಾಯಿತು. ಹದಿನೇಳರ ಸಂಜೆ ಕೊಟ್ರಪ್ಪ ಹನುಮಂತರಾಯಪ್ಪನವರ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಆಫೀಸಿನ ಕಿಟಕಿ ನನ್ನ ಮಣೆಯ ಹಿಂದೆಯೇ ಇದೆ. ಯಜಮಾನರು ಎದ್ದು ಬಾಗಿಲು ಹಾಕಿಕೊಂಡರು.

"ಯಮುನಂಗೆ ಗೊತ್ತಾ?"

"ಇಲ್ರೀ."

"ಗೊತ್ತಾಗೋದೂ ಬ್ಯಾಡ. ಎರಡೂ ಒಂದೇ ಜಾತಿ ಕಬ್ಬಿಣ ಕಣಯ್ಯ. ಯಾವನೂ ಕಂಡಿಡಿಯಾಕಾಗಲ್ಲ. ನಾಳೆ ಒಂದಿನ ಬಾಯ್ ಮುಚ್ಕೊಂಡಿರು, ಸಾಕು."

"ಮುಂದ ಒಂದು ಮುರದ್ರ?"

"ಮುರೀಬೇಕಲ್ಲ? ನಿಂಗೆ ಇಲ್ಲಿರೋ ಇಪ್ಪತ್ತು ಜನದ ಹೊಟ್ಟೆ ಕಾಣ್ತಾ ಇಲ್ಲ, ಎಲ್ಲೋ ಮುರಿಯೋ ಪಿನ್ನು ಕಾಣ್ತದೆ. ನನ್ನ ಮಾತು ಮೀರಿದ್ರೆ ಈ ಗೇಟಿನೊಳಗೆ ನಿನಗೆ ಜಾಗ ಇಲ್ಲ. ಅಂಗೇ ತಿಳ್ಕೋ."

ಕೊಟ್ರಪ್ಪ ಆಗಲಿ ಅಂದು ಹೊರಗೆ ಬಂದ. ಆ ಆಗಲಿ ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ. ಯಜಮಾನರು ತಮ್ಮ ಮಾತಿಗೆ ಒಪ್ಪಿದ ಎಂದುಕೊಂಡರು.

ಇನ್‌ಸ್ಪೆಕ್ಟರು ಬೆಳಿಗ್ಗೆ ಹತ್ತಕ್ಕೆ ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅರವತ್ತು ಪಿನ್ನನ್ನೂ ಒಂದೊಂದಾಗಿ ಅಳೆದರು. ಗಟ್ಟಿತನ ನೋಡಿದರು. ಪ್ರತಿ ಟ್ರೇಯ ಚೀಟಿಯನ್ನು ಪುಸ್ತಕಕ್ಕೆ ಹೋಲಿಸಿದರು. ಊಟಕ್ಕೆ ಏಳಲಿಲ್ಲ. ಮೂರೂವರೆಯ ಹೊತ್ತಿಗೆ ಅರವತ್ತನೆಯದನ್ನು ಟ್ರೇಗೆ ಇಟ್ಟು, ಕೆಲಸ ಚೆನ್ನಾಗಿದೆ ಎಂದು ಯಮುನಾಗೆ ಹೇಳಿ ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕುವ ಮುಂಚೆ ಕೇಳಲೇಬೇಕಾದ ಒಂದು ಪ್ರಶ್ನೆ ಕಾಗದದಲ್ಲಿತ್ತಂತೆ. ಅದನ್ನು ಓದಿದರು. ಸರಳಿನಿಂದ ಪಿನ್ನಿನವರೆಗೆ ಗುರುತು ಎಲ್ಲೂ ತಪ್ಪಿಲ್ಲ ತಾನೆ? ಇಲ್ಲ ಸಾರ್ ಎಂದು ಯಮುನಾ ಹೇಳಿದಳು. ಅವಳಿಗೆ ಗೊತ್ತಿದ್ದದ್ದನ್ನೇ ಅವಳು ಹೇಳಿದ್ದು.

ಕೊಟ್ರಪ್ಪ ಟ್ರೇ ತೆಗೆದುಕೊಂಡು ಹೋಗಲು ಬಂದು ನಿಂತಿದ್ದ. ಹನುಮಂತರಾಯಪ್ಪ ಅವನನ್ನೇ ನೋಡುತ್ತಿದ್ದರು. ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ. ಎರಡೂ ಬೂಟು ಕಳಚಿ ಪಕ್ಕಕ್ಕಿಟ್ಟು ಬರಿಗಾಲಲ್ಲಿ ಮೇಜಿನ ಮುಂದೆ ಬಂದ.

"ಸಹಿ ಮಾಡಬ್ಯಾಡ್ರಿ ಸರ. ಗುರುತು ತಪ್ಪೈತಿ."

ಇನ್‌ಸ್ಪೆಕ್ಟರು ಅವನ ಕಾಲು ನೋಡಿದರು, ಆಮೇಲೆ ಮುಖ ನೋಡಿದರು. "ಯಾರು ನೀವು?"

"ಸ್ಟೋರಿನವ ರೀ. ಆಯುಧಪೂಜಿಗೆ ಸರಳು ತೊಳದೆ, ಬಣ್ಣ ಹೋತು. ತಿರಗ ನಾನ ಹಚ್ಚಿದೆ. ಹತ್ತಕ್ಕ ಗೊತ್ತಿದ್ದು ಹಚ್ಚೀನಿ. ಎರಡಕ್ಕ ಗೊತ್ತಿಲ್ದ ಹಚ್ಚೀನಿ."

"ತೊಳೆದದ್ದು ಯಾಕೆ?"

"ಧೂಳಿತ್ತು ಸರ. ಧೂಳಿನ ಮ್ಯಾಲ ಕುಂಕುಮ ಇಡಂಗಿಲ್ಲ."

ಲೇತುಗಳು ನಿಂತಿದ್ದವು. ಯಾರೂ ನಗಲಿಲ್ಲ. ಜೊತೆಗೆ ಇನ್ಯಾರು ಒರೆಸಿದರು ಎಂದು ಇನ್‌ಸ್ಪೆಕ್ಟರು ಕೇಳಿದರು. ನಾನೊಬ್ಬನ ರೀ ಎಂದು ಕೊಟ್ರಪ್ಪ ಹೇಳಿದ. ನಾನು ಹತ್ತು ಅಡಿ ದೂರದಲ್ಲಿ ಅರ ಹಿಡಿದು ಕೂತಿದ್ದೆ. ಐದು ನಾನು ಒರೆಸಿದ್ದು. ನಾನು ಬಾಯಿ ತೆರೆಯಲಿಲ್ಲ.

ಅವನು ಕರಿ ದಾರದ ಎರಡು ಟ್ರೇ ತೋರಿಸಿದ. ಸ್ಟೋರಿನಿಂದ ಹನ್ನೆರಡು ಚೀಲ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ. ಉಳಿದ ಹತ್ತನ್ನೂ ಬಾಯಿಮಾತಿನ ಮೇಲೆ ಒಪ್ಪಲಾಗದು, ಹನ್ನೆರಡು ತುಂಡನ್ನೂ ಪರೀಕ್ಷೆಗೆ ಕಳಿಸಬೇಕು ಎಂದು ಇನ್‌ಸ್ಪೆಕ್ಟರು ಹೇಳಿದರು. ಕಬ್ಬಿಣಕ್ಕೆ ಕಿಡಿ ಹೊಡೆಸಿ ಆ ಬೆಳಕಿನಲ್ಲಿ ಯಾವ ವಸ್ತು ಎಷ್ಟಿದೆ ಎಂದು ಹೇಳುವ ಮೆಷಿನ್ ಇದೆಯಂತೆ. ಎರಡು ಸಲ ಕರಗಿಸಿದ್ದರ ನಡುವಿನ ಕೂದಲೆಳೆಯ ವ್ಯತ್ಯಾಸವೂ ಅದರಲ್ಲಿ ಕಾಣುತ್ತದಂತೆ. ಎಷ್ಟು ದಿನ ಆಗುತ್ತದೆ ಎಂದು ಯಮುನಾ ಕೇಳಿದಳು. ಎರಡು ವಾರ ಅಂದರು. ನವೆಂಬರ್ ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಅವರು ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು.

ಜೀಪು ಗೇಟು ದಾಟಿದ ಮೇಲೆ ಹನುಮಂತರಾಯಪ್ಪ ಕೊಟ್ರಪ್ಪನ ಎದುರಿಗೆ ಬಂದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ. ಸ್ಟೋರಿನ ಬೀಗದ ಕೈ ಕೊಡು ಅಂದರು, ಅಷ್ಟೆ. ಅವನು ಸೊಂಟದಿಂದ ಬಿಚ್ಚಿ ಕೊಟ್ಟ.

ಮಾರನೆಯ ದಿನ ಎಂಟೂವರೆಗೆ ಕೊಟ್ರಪ್ಪ ಎಂದಿನಂತೆ ಬಂದ. ಒಳಗೆ ಬರುವ ಹಾಗಿಲ್ಲವಲ್ಲ. ಗೇಟಿನ ಹೊರಗೆ ಸಿಮೆಂಟಿನ ಇಟ್ಟಿಗೆಗಳ ಮೇಲೆ ಕೂತ. ಸಂಜೆ ಐದೂವರೆಗೆ ಎದ್ದು ಹೋದ. ಅದರ ಮಾರನೆಯ ದಿನವೂ ಹಾಗೇ. ಲೇತಿನ ಶ್ರೀಧರ್ ಟೀಗೆ ಹೊರಗೆ ಹೋದಾಗ, "ಕೊಟ್ರಣ್ಣ, ಇಪ್ಪತ್ತು ವರ್ಷ ಸ್ಟೋರಿಗೆ ಬೀಗ ಹಾಕ್ದೆ, ಒಂದಿನ ಬಾಯಿಗೆ ಹಾಕ್ಬಾರ್ದಿತ್ತಾ ಗುರು?" ಎಂದು ಕೇಳಿದನಂತೆ. ಕೊಟ್ರಪ್ಪ ಅವನು ಕೊಟ್ಟ ಟೀ ಕುಡಿದು ಲೋಟ ತೊಳೆದು ಕೊಟ್ಟನಂತೆ. ಬೇರೆ ಕಡೆ ಕೆಲಸ ಕೇಳಬಾರದೇ ಎಂದು ನಾನು ಕೇಳಿದೆ. ಪರೀಕ್ಷೆಯ ಕಾಗದ ಬರಲಿ, ಆಮೇಲೆ ಅಂದ. ಇಟ್ಟಿಗೆಯ ಮೇಲೆ ಅವನನ್ನು ಕಂಡಾಗಲೆಲ್ಲ ಯಜಮಾನರು ಕಾರಿನ ಗಾಜು ಏರಿಸಿಕೊಂಡು ಒಳಗೆ ಬರುತ್ತಿದ್ದರು.

ನವೆಂಬರ್ ಮುಗಿಯಿತು. ನಮ್ಮ ಅರ್ಜಿ ಆ ವರ್ಷಕ್ಕೆ ಬಿದ್ದುಹೋಯಿತು. ಇನ್ನೂ ಮೂರು ಲೇತು ನಿಂತವು. ಲೋಡಿನವರಲ್ಲಿ ಇಬ್ಬರನ್ನು ಕಳಿಸಿದರು. ಅವರು ಹೋಗುವಾಗ ಕೊಟ್ರಪ್ಪನ ಕಡೆ ತಿರುಗಿ ಉಗಿದರು. ಅವನು ಒರೆಸಿಕೊಂಡ.

ಡಿಸೆಂಬರ್ ಎರಡರಂದು ಪರೀಕ್ಷೆಯ ಕಾಗದ ಬಂತು. ಯಮುನಾ ಅದನ್ನು ಮೇಜಿನ ಮೇಲೆ ಹರಡಿ ಅಪ್ಪನನ್ನು ಕರೆದಳು. ಆಮೇಲೆ ತಾನೇ ಗೇಟಿಗೆ ಹೋಗಿ ಕೊಟ್ರಪ್ಪನನ್ನು ಕರೆತಂದಳು. ಗುರುತಿದ್ದ ಹತ್ತು ಸರಳೂ ಸರಿ. ಗುರುತಿಲ್ಲದ ಎರಡೂ ತಪ್ಪು. ಕೆಂಪಿನದಕ್ಕೆ ಹಳದಿ, ಹಳದಿಯದಕ್ಕೆ ಕೆಂಪು ಬಿದ್ದಿತ್ತು.

ಹನುಮಂತರಾಯಪ್ಪ ಕನ್ನಡಕ ಹಾಕಿಕೊಂಡು ಆ ಎರಡು ಸಾಲನ್ನು ತಾವೇ ಬೆರಳಿಟ್ಟು ಓದಿದರು.

"ನೀನು ಹೇಳದೆ ಇದ್ದಿದ್ರೆ?" ಅಂದರು.

"ಈ ವರ್ಷದ ಪಟ್ಟ್ಯಾಗ ನಿಮ್ಮ ಹೆಸರು ಇರ್ತಿತ್ರಿ."

"ಇರ್ತಿತ್ತು."

"ಹತ್ತು ಪಿನ್ನು ಸುಳ್ಳು ಹೆಸರಿನಾಗ ಇರ್ತಿದ್ವು."

ಯಜಮಾನರು ಕನ್ನಡಕ ತೆಗೆದು ಮಡಚಿದರು. ಸ್ಟೋರು ಇನ್ನು ಮೇಲೆ ಲೋಡಿನ ಸಂಗಣ್ಣನದು, ಅವನಿಗೆ ಎಲ್ಲ ತೋರಿಸಿಕೊಡು, ನೀನು ಕತ್ತರಿಸುವ ಮೆಷಿನ್ನಿಗೆ ಹೋಗು ಅಂದರು. ಮಗಳ ಕಡೆ ತಿರುಗಿ, ಮುಂದಿನ ವರ್ಷಕ್ಕೂ ಅರ್ಜಿ ಹಾಕು ಅಂದರು. ಕೊಟ್ರಪ್ಪನ ಜೊತೆ ಆ ದಿನ ಆಡಿದ ಮಾತೇ ಕೊನೆ. ಮುಂದೆ ಏನಿದ್ದರೂ ಬೇರೆಯವರ ಕೈಲಿ ಹೇಳಿಸುತ್ತಿದ್ದರು. ಮರುವರ್ಷ ಪಟ್ಟಿಯಲ್ಲಿ ಹೆಸರು ಬಂದಾಗ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಅವನ ಪಾಲನ್ನೂ ನನ್ನ ಕೈಲೇ ಕೊಟ್ಟು ಕಳಿಸಿದರು.

ಆದರೆ ಅದಕ್ಕೆ ಮೊದಲು, ಪರೀಕ್ಷೆಯ ಕಾಗದ ಬಂದ ದಿನವೇ ಇನ್ನೊಂದು ಕೆಲಸ ಇತ್ತು. ಪಿನ್ನುಗಳನ್ನು ತೆಗೆದುಕೊಳ್ಳಬೇಕಾದರೆ ತಪ್ಪು ಹೇಗಾಯಿತು, ಯಾರಿಂದಾಯಿತು, ಇನ್ನು ಆಗದ ಹಾಗೆ ಏನು ಮಾಡಿದ್ದೀರಿ ಎಂದು ಕಾರ್ಖಾನೆಯವರಿಗೆ ಬರೆದುಕೊಡಬೇಕಿತ್ತು. ಯಾರಿಂದ ಎಂಬಲ್ಲಿ ಸ್ಟೋರ್ ವಿಭಾಗ ಎಂದು ಬರೆದರೆ ಸಾಕು, ಹೆಸರು ಬೇಡ ಎಂದು ಯಮುನಾ ಹೇಳಿದಳು. ಒಮ್ಮೆ ಹೆಸರು ಬಿದ್ದರೆ ಆ ಕಾಗದ ಕಾರ್ಖಾನೆಯಲ್ಲಿ ಎಷ್ಟು ವರ್ಷವಾದರೂ ಇರುತ್ತದೆ. ಹೆಸರು ಹಾಕ್ರಿ ಅಂದ ಕೊಟ್ರಪ್ಪ.

ನಾನು ಮಣೆ ಬಿಟ್ಟು ಎದ್ದು ಹೋದೆ. "ಯಮುನಾ, ನನ್ನ ಹೆಸ್ರೂ ಹಾಕವ್ವ. ಐದು ನಾನು ಒರೆಸಿದ್ದು," ಅಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಕೊಟ್ರಪ್ಪನ ಮುಖ ನೋಡಿದಳು.

"ಅಂಜನಮ್ಮಕ್ಕ ನಾ ಹೇಳಿದ್ದಕ್ಕ ಒರಿಸ್ಯಾರ," ಅಂದ. "ಬಣ್ಣ ಹಚ್ಚಿದ್ದು ಅವರಲ್ಲ. ಒಂದ ಹೆಸರು ಸಾಕು."

ಅವಳು ಬರೆದಳು. ಬರೆದದ್ದನ್ನು ಓದಿ ಹೇಳಿದಳು. ಕೊಟ್ರಪ್ಪ, ಸ್ಟೋರು. ಅವನು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು, ತನಗೆ ಬರುವಷ್ಟು ಅಕ್ಷರದಲ್ಲಿ ಒಂದೊಂದನ್ನೇ ಕೂಡಿಸಿ ನೋಡಿದ.

"ಇಷ್ಟ ಸಾಲಂಗಿಲ್ಲವ್ವ," ಅಂದ.

"ಇನ್ನೇನು ಬೇಕು ಕೊಟ್ರಣ್ಣ?"

"ಪೀಣ್ಯದಾಗ ಕೊಟ್ರಪ್ಪ ಅನ್ನೋರು ಭಾಳ ಮಂದಿ ಅದಾರ. ನಮ್ಮ ಶೆಡ್ಡಿನ ಹಿಂದಿರೋ ಶೆಡ್ಡಿನಾಗ ಇಬ್ರು. ನಾಳೆ ಯಾರರ ಓದಿ ಅವರ ಮ್ಯಾಲ ತಿಳ್ಕೊಂಡ್ರ? ನಮ್ಮಪ್ಪನ ಹೆಸರೂ ಹಾಕು. ಊರೂ ಹಾಕು."

ಆ ಸಾಲಿನಲ್ಲಿ ಜಾಗವಿರಲಿಲ್ಲ. ಯಮುನಾ ಕಾಗದದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು. ತಂದೆ ಸಿದ್ದರಾಮಪ್ಪ, ಕೊಟ್ಟೂರು ಹತ್ತಿರ. ಹತ್ತಿರ ಅಂದರೆ ಸಾಲದು, ಊರಿನ ಹೆಸರೇ ಬೇಕು ಎಂದು ಅವನು ಮತ್ತೊಮ್ಮೆ ತಿದ್ದಿಸಿದ. ಆಮೇಲೆ ಸಹಿ ಹಾಕಿದ.